ಕರಿಕಲ್ಲಿನ ಪ್ಲಾಟಿಗೆ ಬ್ರೇಕರ್ ಬಾಡಿಗೆ: ಕೊಟ್ಟ ದುಡ್ಡಿಗೆ ಕೆಲಸ ಆಗುತ್ತದೆಯೇ?

ವಿಜಯಪುರ, ಕಲಬುರಗಿ ಕಡೆ 30×40 ಪ್ಲಾಟ್ ಅಗೆಸುವವರಿಗೆ ಬಾಡಿಗೆಗೆ ಸಿಗುವುದು ಮುಖ್ಯವಾಗಿ ಮೂರು: ಬರೀ ಬಕೆಟ್ ಜೆಸಿಬಿ, ಬ್ರೇಕರ್ (ಉಳಿಯಿಂದ ಹೊಡೆದು ಬಂಡೆ ಒಡೆಯುವ ಸಾಧನ) ಕಟ್ಟಿದ ಜೆಸಿಬಿ, ದೊಡ್ಡ ಹಿಟಾಚಿ (ಚೈನಿನ ಮೇಲೆ ಓಡುವ ಅಗೆಯುವ ಯಂತ್ರ). ಈ ಅಳತೆಗೆ ನಮ್ಮ ಮತ ಎರಡನೆಯದಕ್ಕೆ. ಆದರೆ ಯಂತ್ರ ಕರೆಸುವ ಮೊದಲೇ ಕೆಳಗೇನಿದೆ ಎಂದು ನೋಡಿರಲೇಬೇಕು.

ಸುಮಾರು 6.6 ಕೋಟಿ ವರ್ಷಗಳ ಹಿಂದೆ ಪದರ ಪದರವಾಗಿ ಹರಿದು ಗಟ್ಟಿಯಾದ ಲಾವಾ ಇಲ್ಲಿನ ನೆಲ. ಮೇಲೆ ಎರೆಮಣ್ಣು, ಅದರಡಿ ಗರಸು (ಸವೆದ ಕಲ್ಲಿನ ಒರಟು ಮಣ್ಣು), ಆಮೇಲೆ ಕರಿಕಲ್ಲು. ಒಂದೇ ಪ್ಲಾಟಿನ ಒಂದು ಮೂಲೆಯಲ್ಲಿ ಬಂಡೆ ಎರಡು ಅಡಿಗೇ ಸಿಕ್ಕರೆ ಇನ್ನೊಂದು ಮೂಲೆಯಲ್ಲಿ ಆರು ಅಡಿಯಾದರೂ ಸಿಗದಿರಬಹುದು. ಆದ್ದರಿಂದ ನಾಲ್ಕು ಮೂಲೆ, ನಡುವೆ ಒಂದು ಗುಂಡಿ ತೋಡಿಸಿ. ಸಿಕ್ಕ ಕಲ್ಲಿಗೆ ಸುತ್ತಿಗೆ ಹಾಕಿ: ಖಣಖಣ ಎಂದರೆ ಗಟ್ಟಿ ಬಂಡೆ, ಬೊದ್ ಎಂದರೆ ಸವೆದ ಕಲ್ಲು ಅಥವಾ ಗರಸಿನಲ್ಲಿ ಸಿಕ್ಕಿಕೊಂಡ ಗುಂಡುಕಲ್ಲು. ಸಣ್ಣ ತೂತುಗಳಲ್ಲಿ ಬಿಳಿ ಹರಳು ತುಂಬಿದ ಕಲ್ಲು ಬೇಗ ಒಡೆಯುತ್ತದೆ. ತೂತಿಲ್ಲದ ನುಣ್ಣನೆ ಕಲ್ಲೇ ಗಂಟೆಗಳನ್ನು ನುಂಗುವುದು.

ಪೊದೆ ತೆಗೆಯಲು, ಎರೆಮಣ್ಣು ಎತ್ತಲು ಬಕೆಟ್ ಸಾಕು. ಬಳ್ಳಾರಿ ಜಾಲಿಯನ್ನು ಬುಡಕ್ಕೆ ಕಡಿದು ಬಿಟ್ಟರೆ ಮತ್ತೆ ಚಿಗುರುತ್ತದೆ, ಬೇರು ಸಮೇತ ಕೀಳಿಸಿ. ಟೈರು ಓಡಾಡುವ ಮೊದಲು ಮುಳ್ಳು ಬಳಿಸುವುದನ್ನೂ ಮರೆಯಬೇಡಿ. ಬಕೆಟ್ ಹಲ್ಲು ಕಲ್ಲಿಗೆ ಕೆರೆದು ಯಂತ್ರವೇ ಮೇಲೇಳತೊಡಗಿದರೆ ಅಲ್ಲಿಗೆ ನಿಲ್ಲಿಸಿ. ಮುಂದಿನದು ಬ್ರೇಕರ್ ಕೆಲಸ.

ಬ್ರೇಕರ್‌ನಲ್ಲಿ ಎಲ್ಲವೂ ಆಪರೇಟರ್ ಕೈಯಲ್ಲಿದೆ. ಬಂಡೆಯ ನಡುವೆ ಹೊಡೆದರೆ ಒಡೆದ ಚೂರಿಗೆ ಹೋಗಲು ಜಾಗವಿರುವುದಿಲ್ಲ, ಪುಡಿ ಏಳುತ್ತದೆ ಅಷ್ಟೇ. ತೆರೆದ ಅಂಚಿನಿಂದ ಅರ್ಧ-ಒಂದು ಅಡಿ ಒಳಗೆ ಉಳಿಯಿಟ್ಟು ಹೊಡೆಯುತ್ತ ಹಿಂದೆ ಸರಿಯಬೇಕು. 15-20 ಸೆಕೆಂಡಿನಲ್ಲಿ ಬಿರುಕು ಬಾರದಿದ್ದರೆ ಜಾಗ ಬದಲಿಸಬೇಕು, ಇಲ್ಲದಿದ್ದರೆ ಉಳಿ ಕಾದು ಮೊಂಡಾಗುತ್ತದೆ. ಗಂಟೆ ಲೆಕ್ಕದ ಕೆಲಸದಲ್ಲಿ ಇದನ್ನು ನಿಂತು ನೋಡುವವರು ಬೇಕೇ ಬೇಕು.

ಹಿಟಾಚಿ ಬಂಡೆಯನ್ನು ಬೇಗ ಮುಗಿಸುತ್ತದೆ, ನಿಜ. ಆದರೆ 20 ಟನ್ ಯಂತ್ರದ ಹಿಂಭಾಗ ತಿರುಗಲು ನಡುವಿನಿಂದ ಸುಮಾರು ಒಂಬತ್ತು ಅಡಿ ಬೇಕು, ಮೇಲೆ ಕರೆಂಟ್ ತಂತಿ ಬೇರೆ. ನೆಲಮಾಳಿಗೆ ತೆಗೆಸುವವರಿಗೆ ಮಾತ್ರ ಲಾಭ.

ಪಕ್ಕದವರ ಹಳೆಯ ಕಲ್ಲುಗೋಡೆ ಹತ್ತಿರವಿದ್ದರೆ ಅಲ್ಲಿ ಬ್ರೇಕರ್ ಬೇಡ, ನೀರಲ್ಲಿ ಕಲಸಿ ತೂತಿಗೆ ತುಂಬಿದರೆ ಉಬ್ಬಿ ಕಲ್ಲು ಸೀಳುವ ಪುಡಿ ಬಳಸಿ. ಸುಮಾರು 40 ಮಿ.ಮೀ. ತೂತು, ಅಡಿಗೊಂದರಂತೆ. 5 ಕೆಜಿ ಪುಡಿಗೆ ಒಂದೂವರೆ ಲೀಟರ್ ತಣ್ಣೀರು. ಚೀಲದ ಮೇಲಿನ ಉಷ್ಣಾಂಶ ನೋಡಿಯೇ ಕೊಳ್ಳಿ: ಚಳಿಗಾಲದ ಪುಡಿಯನ್ನು ಏಪ್ರಿಲ್ ಮಧ್ಯಾಹ್ನ ತುಂಬಿದರೆ ತೂತಿನಿಂದ ಸಿಡಿದು ಕಣ್ಣಿಗೆ ಹೊಡೆಯುತ್ತದೆ. ಕನ್ನಡಕ ಹಾಕಿ, ತೂತಿನ ಮೇಲೆ ಬಗ್ಗಬೇಡಿ. ಸೀಳಲು ಒಂದು ದಿನ ಕೊಡಿ.

ಲೆಕ್ಕದಲ್ಲಿ ಮೋಸ ಹೋಗುವುದು ಸಾಗಣೆಯಲ್ಲಿ. ಇಡೀ ಪ್ಲಾಟ್ ಒಂದಡಿ ಇಳಿಸಿದರೆ 12 ಬ್ರಾಸ್ (ಒಂದು ಬ್ರಾಸ್ ಅಂದರೆ 100 ಘನ ಅಡಿ). ಒಡೆದ ಕಲ್ಲು ಒಂದೂವರೆ ಪಟ್ಟು ಉಬ್ಬಿ 18 ಆಗುತ್ತದೆ, ಅಂದರೆ ಮೂರು ಬ್ರಾಸಿನ ಟಿಪ್ಪರ್ ಆರು ಸಲ ಓಡಬೇಕು. ಗರಸನ್ನು ಮಾತ್ರ ಕಳಿಸಬೇಡಿ, ಪ್ಲಿಂತ್ (ಮನೆಯ ನೆಲದ ಕೆಳಗಿನ ಕಟ್ಟೆ) ತುಂಬಲು ಬೇಕಾಗುತ್ತದೆ. ಎರೆಮಣ್ಣು ಅಲ್ಲಿಗೆ ಬೇಡ, ನೀರು ಕುಡಿದು ಉಬ್ಬಿ ನೆಲಹಾಸು ಎಬ್ಬಿಸುತ್ತದೆ. ಬಕೆಟ್ ಗಂಟೆ, ಬ್ರೇಕರ್ ಗಂಟೆ ಬೇರೆ ಬೇರೆ ದರ; ಯಂತ್ರದ ಗಂಟೆ ಮೀಟರಿನ ಫೋಟೊ ಶುರುವಿಗೂ ಕೊನೆಗೂ ತೆಗೆದುಕೊಳ್ಳಿ. ಉಳಿ ಮುರಿದರೆ ಖರ್ಚು ಯಾರದೆಂದು ಮೊದಲೇ ಮಾತಾಡಿ.

ಯಂತ್ರ ಹೊರಡುವ ಮುನ್ನ ಎಂಜಿನಿಯರ್ ಪಾಯದ ಗುಂಡಿಗಳನ್ನು ನೋಡಲಿ. ಒಂದೇ ಫುಟಿಂಗ್ (ಪಾಯದ ತಳ) ಅರ್ಧ ಬಂಡೆ, ಅರ್ಧ ಮಣ್ಣಿನ ಮೇಲೆ ಕೂತರೆ ಮಣ್ಣಿನ ಕಡೆ ಕುಸಿದು ಗೋಡೆ ಬಿರಿಯುತ್ತದೆ. ಇಳಿಜಾರು ಬಂಡೆಯನ್ನು ಮೆಟ್ಟಿಲಾಗಿ ಕಡಿಯಬೇಕು. ಆ ಅರ್ಧ ಗಂಟೆಯ ಕೆಲಸಕ್ಕೆ ಮರುದಿನ ಕರೆಸಿದರೆ ಸಾಗಣೆ ಬಾಡಿಗೆ, ಕನಿಷ್ಠ ಗಂಟೆಗಳ ಬಾಡಿಗೆ ಎರಡನ್ನೂ ಮತ್ತೆ ಕಟ್ಟಬೇಕಾಗುತ್ತದೆ.