ಜಾಂಬೋಟಿ ಮಳೆಯಲ್ಲಿ ‘ಉಸಿರಾಡುವ’ ಜಾಕೆಟ್

ಕಳೆದ ಜೂನ್‌ನಲ್ಲಿ ಬೆಳಗಾವಿಯ ಅಂಗಡಿಯೊಂದರಲ್ಲಿ ಕೊಂಡ, ಪಾಲಿಯುರೆಥೇನ್ (ಒಂದು ಬಗೆಯ ಪ್ಲಾಸ್ಟಿಕ್) ಲೇಪನದ, ‘ಉಸಿರಾಡುವ’, ಅಂದರೆ ಬೆವರಿನ ಆವಿಯನ್ನು ಹೊರಬಿಡುವ ಮಳೆ ಜಾಕೆಟ್ ಎನ್ನಲಾದ ಇದನ್ನು ಎರಡು ತಿಂಗಳು ಜಾಂಬೋಟಿ, ಕಣಕುಂಬಿಯ ಮಳೆಯಲ್ಲಿ ತೊಟ್ಟು ನೋಡಿದ್ದೇನೆ. ನೀರು ತಡೆಯುವುದರಲ್ಲಿ ತಕರಾರಿಲ್ಲ. ಚೀಟಿಯಲ್ಲಿರುವ 10,000 ಮಿ.ಮೀ. ಎಂದರೆ ಹತ್ತು ಮೀಟರ್ ಎತ್ತರದ ನೀರಿನ ಕಂಬದ ಒತ್ತಡವನ್ನು ಬಟ್ಟೆ ತಾಳಬಲ್ಲದು ಎಂದರ್ಥ, ಹೊಲಿಗೆಗಳ ಒಳಬದಿಗೂ ಟೇಪ್ ಅಂಟಿಸಿದ್ದಾರೆ.

ಉಸಿರಾಟದ ಮಾತು ಬೇರೆ. ಬೆವರಿನ ಆವಿ ಹೊರಹೋಗಬೇಕಾದರೆ ಹೊರಗಿನ ಆವಿಯ ಒತ್ತಡ ಒಳಗಿನದಕ್ಕಿಂತ ಕಡಿಮೆಯಿರಬೇಕು. ಗಾಳಿಯೇ ಹಿಂಡದ ಬಟ್ಟೆಯಂತಿರುವ ಇಲ್ಲಿನ ಜುಲೈಯಲ್ಲಿ ಆ ಅಂತರ ತೀರ ಕುಗ್ಗುತ್ತದೆ. ಏರುದಾರಿಯಲ್ಲಿ ಅರ್ಧ ಗಂಟೆ ನಡೆದ ಮೇಲೆ ಮೊಣಕೈಯ ಒಳಭಾಗ ಒದ್ದೆಯಾಗಿತ್ತು. ಸೋರಿತೆಂದೇ ಭಾವಿಸಿದೆ, ನಾಲಿಗೆಗೆ ತಾಗಿಸಿದರೆ ಉಪ್ಪು! 1969ರಲ್ಲಿ ಅಮೆರಿಕದ ಬಾಬ್ ಗೋರ್ ಕಂಡುಕೊಂಡ, ಹಿಗ್ಗಿಸಿದ ಪಿ.ಟಿ.ಎಫ್.ಇ.ಯ (ಟೆಫ್ಲಾನ್ ಎಂದು ಹೆಸರಾದ ಪ್ಲಾಸ್ಟಿಕ್) ದುಬಾರಿ ಪೊರೆಗೂ ಈ ನಿಯಮ ತಪ್ಪಿದ್ದಲ್ಲ.

ಆರು ವಾರಗಳಲ್ಲಿ, ಹೊರಮೈಯಲ್ಲಿ ನೀರು ಜಾರಿಸುವ ಲೇಪ ಮಂಕಾಗಿ, ಭುಜದ ಮೇಲೆ ಹನಿಗಳು ಉರುಳದೆ ಹೊರಬಟ್ಟೆಗೆ ಇಂಗತೊಡಗಿದವು. ಅಂಗಡಿಯವರು ‘ತೊಳೀಬ್ಯಾಡ್ರಿ’ ಎಂದಿದ್ದರು. ಅದು ತಪ್ಪು ಸಲಹೆ. ಸೌಮ್ಯ ಸೋಪಿನಲ್ಲಿ ತೊಳೆದು, ಒಣಗಿಸಿ, ಮೇಲೊಂದು ತೆಳು ಬಟ್ಟೆ ಹಾಸಿ ಹದವಾದ ಬಿಸಿಯಲ್ಲಿ ಇಸ್ತ್ರಿ ಆಡಿಸಿದಾಗ ಹನಿಗಳು ಮತ್ತೆ ಮುತ್ತಿನಂತೆ ಜಾರಿದವು. ಕಂಕುಳಲ್ಲಿ ಗಾಳಿಯಾಡಲು ತೆರೆಯುವ ಜಿಪ್ ಇಲ್ಲದಿರುವುದು ಮಾತ್ರ ಇಸ್ತ್ರಿಯಿಂದ ಸರಿಹೋಗುವ ಕೊರತೆಯಲ್ಲ.