ಸಿಕ್ಕಿದ ಲೆನ್ಸ್ ಪ್ರೊಫೈಲನ್ನು ಎಲ್ಲ ಫೋಟೊಗಳಿಗೂ ಹಾಕುವ ಮೊದಲು

ಮನೆಯ ಒಳಾಂಗಣದ ಫೋಟೊಗಳು. ಮಿರರ್‌ಲೆಸ್ ಕ್ಯಾಮೆರಾ, ವೈಡ್ ಲೆನ್ಸ್, ಎಲ್ಲವೂ ಜೆಪೆಗ್. ಫೋಟೊ ತಿದ್ದುವ ಲೈಟ್‌ರೂಮ್ ತಂತ್ರಾಂಶದ ಲೆನ್ಸ್ ಪಟ್ಟಿಯಲ್ಲಿ ಆ ಲೆನ್ಸ್ ಕಾಣಿಸಲಿಲ್ಲ. ಯಾರೋ ಹಂಚಿದ್ದ ಎಲ್‌ಸಿಪಿ ಫೈಲ್, ಅಂದರೆ ಲೆನ್ಸಿನ ಬಾಗು, ಮೂಲೆಯ ಕಪ್ಪು ಸರಿಪಡಿಸುವ ಅಳತೆಗಳಿರುವ ಲೆನ್ಸ್ ಪ್ರೊಫೈಲ್ ಇಳಿಸಿಕೊಂಡು, ಅದರೊಳಗಿನ ಒಂದು ಪದ ತಿದ್ದಿ, ಎಲ್ಲ ಫೋಟೊಗಳಿಗೂ ಒಂದೇ ಸಲ ಹಾಕಿದ್ದಾಯಿತು. ಬಾಗಿಲ ಚೌಕಟ್ಟುಗಳು ನಡುವೆ ಒಳಕ್ಕೆ ಬಾಗಿದವು, ಮೂಲೆಗಳು ಮಧ್ಯಭಾಗಕ್ಕಿಂತ ಬೆಳ್ಳಗಾದವು. ಗೊತ್ತಾಗಿದ್ದು ಕ್ರಾಪ್ ಎಲ್ಲ ಮುಗಿದ ಮೇಲೆ. ಪ್ರೊಫೈಲ್ ತೆಗೆದರೆ ಚಿತ್ರದ ಅಂಚೇ ಸರಿಯುತ್ತದೆ, ಹಾಗಾಗಿ ಕ್ರಾಪ್ ಕೂಡ ಮೊದಲಿಂದ ಮಾಡಬೇಕು. ಹೀಗೆ ಕೆಲಸ ಕೆಡಿಸಿಕೊಳ್ಳುವವರು ಬಹಳ ಮಂದಿ, ದಯವಿಟ್ಟು ಆ ಸಾಲಿಗೆ ಸೇರಬೇಡಿ.

ಎಲ್‌ಸಿಪಿ ಎಂದರೆ ಬರೀ ಎಕ್ಸ್‌ಎಂಎಲ್ ಪಠ್ಯ. ನೋಟ್‌ಪ್ಯಾಡಿನಲ್ಲೇ ತೆರೆಯುತ್ತದೆ. ಫೈಲಿನ ಹೆಸರು ನಂಬಬೇಡಿ, ಒಳಗಿನ ಸಾಲುಗಳನ್ನು ಓದಿ.

ಮೊದಲು ನೋಡಬೇಕಾದದ್ದು 'ಕ್ಯಾಮೆರಾ ರಾ ಪ್ರೊಫೈಲ್' ಎಂಬ ಸಾಲು. ಅಲ್ಲಿ 'ಟ್ರೂ' ಇದ್ದರೆ ಆ ಪ್ರೊಫೈಲನ್ನು ರಾ ಫೈಲುಗಳಿಂದ (ಕ್ಯಾಮೆರಾ ಸಂಸ್ಕರಿಸದೆ ಉಳಿಸಿದ ಸೆನ್ಸರ್ ದತ್ತಾಂಶ) ತಯಾರಿಸಿದ್ದಾರೆ. ಲೈಟ್‌ರೂಮ್ ಅದನ್ನು ರಾ ಫೋಟೊಗಳಿಗೆ ಮಾತ್ರ ತೋರಿಸುತ್ತದೆ. ಜೆಪೆಗ್ ತೆರೆದಾಗ ಪಟ್ಟಿ ಅಷ್ಟು ಚಿಕ್ಕದಾಗುವುದು ಇದೇ ಕಾರಣಕ್ಕೆ. 'ಟ್ರೂ' ತೆಗೆದು 'ಫಾಲ್ಸ್' ಎಂದು ಬರೆದರೆ ಪಟ್ಟಿಯಲ್ಲಿ ಬರುವುದು ನಿಜ. ಆದರೆ ಮೂಲೆಯ ಕಪ್ಪನ್ನು ಅಳೆದದ್ದು ಟೋನ್ ಕರ್ವ್ (ಬೆಳಕು-ನೆರಳಿನ ಹೊಂದಾಣಿಕೆ) ಬೀಳದ ರಾ ದತ್ತಾಂಶದಲ್ಲಿ, ಜೆಪೆಗ್‌ಗೆ ಆ ಲೆಕ್ಕ ಕೂಡುವುದಿಲ್ಲ. ಅದಕ್ಕಿಂತ ದೊಡ್ಡ ತೊಂದರೆ, ಹಲವು ಹೊಸ ಕ್ಯಾಮೆರಾಗಳು ಜೆಪೆಗ್ ಬರೆಯುವಾಗಲೇ ಬಾಗು, ಮೂಲೆಯ ಕಪ್ಪು, ಬಣ್ಣದ ಅಂಚು ಮೂರನ್ನೂ ಸರಿಪಡಿಸಿರುತ್ತವೆ. ಅದರ ಮೇಲೆ ಎಲ್‌ಸಿಪಿ ಹಾಕಿದರೆ ತಿದ್ದಿದ್ದನ್ನೇ ಮತ್ತೆ ತಿದ್ದಿದಂತೆ. ಮೇಲಿನ ಚೌಕಟ್ಟುಗಳಿಗೆ ಆದದ್ದು ಇದೇ. ಕ್ಯಾಮೆರಾ ಮೆನುವಿನಲ್ಲಿ ಲೆನ್ಸ್ ತಿದ್ದುಪಡಿ ಆನ್ ಇತ್ತೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ.

ರಾ ಫೋಟೊ ಎಂದಮಾತ್ರಕ್ಕೆ ನಿಶ್ಚಿಂತೆ ಬೇಡ. ಮೈಕ್ರೋ ಫೋರ್ ಥರ್ಡ್ಸ್, ಫ್ಯೂಜಿ ಮುಂತಾದ ಕ್ಯಾಮೆರಾಗಳ ರಾ ಫೈಲಿನಲ್ಲೇ ತಿದ್ದುಪಡಿಯ ಲೆಕ್ಕ ಇರುತ್ತದೆ. 'ಬಿಲ್ಟ್-ಇನ್ ಲೆನ್ಸ್ ಪ್ರೊಫೈಲ್ ಅಪ್ಲೈಡ್' ಎಂಬ ಸೂಚನೆ ಕಂಡರೆ ಬೇರೆ ಪ್ರೊಫೈಲ್ ಮುಟ್ಟಬೇಡಿ.

ಎರಡನೆಯದು 'ಸೆನ್ಸರ್ ಫಾರ್ಮ್ಯಾಟ್ ಫ್ಯಾಕ್ಟರ್', ಸೆನ್ಸರಿನ ಅಳತೆ ಹೇಳುವ ಅಂಕಿ. ಫುಲ್‌ಫ್ರೇಮ್ (ದೊಡ್ಡ ಸೆನ್ಸರ್) ಆದರೆ 1, ಎಪಿಎಸ್-ಸಿ (ಅದಕ್ಕಿಂತ ಚಿಕ್ಕದು) ಆದರೆ 1.5 ಅಥವಾ 1.6ರ ಆಸುಪಾಸು. ಫುಲ್‌ಫ್ರೇಮಿನಲ್ಲಿ ತಯಾರಿಸಿದ್ದು ಎಪಿಎಸ್-ಸಿಗೆ ನಡೆಯುತ್ತದೆ. ತಿರುವುಮುರುವು ನಡೆಯದು: ಚಿಕ್ಕ ಸೆನ್ಸರ್ ಲೆನ್ಸಿನ ನಡುಭಾಗವನ್ನಷ್ಟೇ ಕಂಡಿರುತ್ತದೆ, ಅದರಾಚೆಯ ಮೂಲೆಗೆ ಅಳತೆಯೇ ಇಲ್ಲ, ಸೂತ್ರ ಊಹೆಯ ಮೇಲೆ ಓಡುತ್ತದೆ. ರಾಥೆರಪಿಯಂತೆ ಎಲ್‌ಸಿಪಿ ಫೈಲನ್ನು ಕೈಯಾರೆ ಆರಿಸಲು ಬಿಡುವ ತಂತ್ರಾಂಶಗಳಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು.

ಆಮೇಲೆ ಫೋಕಲ್ ಲೆಂತ್. ಜೂಮ್ ಲೆನ್ಸಿನ ಪ್ರೊಫೈಲಿನಲ್ಲಿ ಹಲವು ಫೋಕಲ್ ಲೆಂತ್‌ಗಳ ಅಳತೆ ಇರಬೇಕು. ಒಂದೇ ಇದ್ದರೆ ಆ ಒಂದಕ್ಕೇ ಬಳಸಿ.

ಡಾರ್ಕ್‌ಟೇಬಲ್ ಎಂಬ ತಂತ್ರಾಂಶ ಎಲ್‌ಸಿಪಿಯನ್ನು ಓದುವುದಿಲ್ಲ, ಲೆನ್ಸ್‌ಫನ್ ಎಂಬ ಬೇರೆ ಲೆನ್ಸ್ ದತ್ತಾಂಶ ಬಳಸುತ್ತದೆ. ಎರಡೂ ಎಕ್ಸ್‌ಎಂಎಲ್ ಆದರೂ ಗಣಿತದ ಸೂತ್ರ ಬೇರೆ, ಫೈಲಿನ ಬಾಲ (ಎಕ್ಸ್‌ಟೆನ್ಶನ್) ಬದಲಿಸಿ ಹಾಕಿದರೆ ಏನೂ ಆಗದು. ಡಿಎಕ್ಸ್‌ಒ, ಕ್ಯಾಪ್ಚರ್ ಒನ್ ತಂತ್ರಾಂಶಗಳು ತಮ್ಮದೇ ಪ್ರೊಫೈಲುಗಳನ್ನು ಬಳಸುತ್ತವೆ.

ಹೊಸ ಫೈಲನ್ನು ವಿಂಡೋಸಿನಲ್ಲಿ ನಿಮ್ಮ ಬಳಕೆದಾರ ಫೋಲ್ಡರಿನ ಆ್ಯಪ್‌ಡೇಟಾ, ರೋಮಿಂಗ್, ಅಡೋಬ್, ಕ್ಯಾಮೆರಾರಾ, ಲೆನ್ಸ್‌ಪ್ರೊಫೈಲ್ಸ್, 1.0 ಎಂಬ ದಾರಿಯಲ್ಲಿ ಇಡಿ, ಲೈಟ್‌ರೂಮ್ ಮುಚ್ಚಿ ತೆರೆಯಿರಿ. ಮೊದಲು ಒಂದೇ ಫೋಟೊಗೆ ಹಾಕಿ. ಅಂಚಿನ ಹತ್ತಿರ ನೇರ ಗೆರೆ ಇರುವ ಚಿತ್ರವೇ ಆಗಲಿ. ನಡುವಿನ ಗೆರೆ ಏನನ್ನೂ ಹೇಳುವುದಿಲ್ಲ. ಗ್ರಿಡ್ ಹಾಕಿಕೊಂಡು ಬಾಗು ತಿದ್ದುವ ಡಿಸ್ಟಾರ್ಶನ್ ಸ್ಲೈಡರನ್ನು 0 ಮತ್ತು 100ರ ನಡುವೆ ಓಡಿಸಿ. 0ಯಲ್ಲೇ ಗೆರೆ ನೇರವಿದ್ದರೆ ಆ ಫೋಟೊಗೆ ಪ್ರೊಫೈಲ್ ಬೇಡವೇ ಬೇಡ. ಬಾಗು ಸರಿಹೋಗಿ ಮೂಲೆ ಮಾತ್ರ ಬೆಳ್ಳಗಾದರೆ ಮೂಲೆಯ ಕಪ್ಪು ತಿದ್ದುವ ವಿನ್ಯೆಟಿಂಗ್ ಸ್ಲೈಡರನ್ನು 0 ಮಾಡಿ.

ಇನ್ನೊಂದು ಕಂಪ್ಯೂಟರಿಗೆ ಕೆಲಸ ಕೊಡುವಾಗಲೂ ಜನ ಎಡವುತ್ತಾರೆ. ಫೋಟೊಗೆ ಮಾಡಿದ ತಿದ್ದುಪಡಿಗಳನ್ನು ಬರೆದಿಡುವ ಎಕ್ಸ್‌ಎಂಪಿ ಫೈಲಿನಲ್ಲಿ ಉಳಿಯುವುದು ಪ್ರೊಫೈಲಿನ ಹೆಸರು ಮತ್ತು ಗುರುತು ಮಾತ್ರ, ತಿದ್ದುಪಡಿಯ ಅಂಕಿಗಳಲ್ಲ. ಆ ಕಂಪ್ಯೂಟರಿನಲ್ಲಿ ಎಲ್‌ಸಿಪಿ ಇಲ್ಲದಿದ್ದರೆ ಬಾಗು ಹಾಗೇ ಮರಳುತ್ತದೆ. ರಾ, ಎಕ್ಸ್‌ಎಂಪಿ ಜತೆಗೆ ಎಲ್‌ಸಿಪಿಯನ್ನೂ ಅದೇ ಫೋಲ್ಡರಿನಲ್ಲಿ ಕಳಿಸಿ, ಅದನ್ನು ಮೇಲೆ ಹೇಳಿದ ದಾರಿಯಲ್ಲಿ ಇಡಲು ತಿಳಿಸಿ. ಇಲ್ಲವೇ 16 ಬಿಟ್ ಟಿಫ್ ಮಾಡಿ ಕೊಡಿ, ಲೆನ್ಸ್ ತಿದ್ದುಪಡಿ ಮುಗಿದಿದೆ, ಮತ್ತೆ ಹಾಕಬೇಡಿ ಎಂದು ಬರೆದುಕೊಡಿ.