ಸ್ಟೆರಾಯ್ಡ್, ಮಾತ್ರೆ, ಇಂಜೆಕ್ಷನ್: ನಮ್ಮ ಚಿನ್ನುವಿನ ತುರಿಕೆಗೆ ಒಗ್ಗಿದ್ದು ಯಾವುದು

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ತಿಂಗಳಿಗೊಮ್ಮೆ ಕೊಡಿಸುವ ಲೋಕಿವೆಟ್ಮ್ಯಾಬ್ ಇಂಜೆಕ್ಷನ್‌ಗೆ.

ಚಿನ್ನು 4 ಕೆಜಿ ತೂಗುವ ಶಿಟ್ಜು ತಳಿಯ ನಾಯಿ. ಅವಳಿಗೆ ಎರಡು ವರ್ಷ ತುಂಬುವ ಹೊತ್ತಿಗೆ ತುರಿಕೆ ಶುರುವಾಯಿತು. ರಾತ್ರಿಯೆಲ್ಲ ಪಾದ ನೆಕ್ಕುವ ಪಚಪಚ ಸದ್ದು. ಬೆರಳ ಸಂದಿಯ ಬಿಳಿ ಕೂದಲು ಎಂಜಲಿನಿಂದ ತುಕ್ಕು ಹಿಡಿದ ಬಣ್ಣಕ್ಕೆ ತಿರುಗಿತ್ತು. ಚಿಗಟ ಇಲ್ಲ ಅಂತ ಖಾತ್ರಿ ಮಾಡಿಕೊಂಡೆವು. 8 ವಾರ ಬೇರೇನೂ ಬಾಯಿಗೆ ಹೋಗದಂತೆ ಪಥ್ಯದ ಆಹಾರವನ್ನಷ್ಟೇ ಕೊಟ್ಟೆವು. ಅದಕ್ಕೂ ಜಗ್ಗದಿದ್ದಾಗ ಡಾಕ್ಟರು ಇದು ಅಟೊಪಿ ಅಂದರು, ಅಂದರೆ ಧೂಳಿನ ನುಸಿ, ಪರಾಗದಂಥವಕ್ಕೆ ಬರುವ ಅಲರ್ಜಿ. ಪೂರ್ತಿ ವಾಸಿಯಾಗುವುದಲ್ಲ, ಹತೋಟಿಯಲ್ಲಿ ಇಟ್ಟುಕೊಳ್ಳಬೇಕು.

ಮೊದಲು ಬಂದಿದ್ದು ಪ್ರೆಡ್ನಿಸೊಲೋನ್ ಅನ್ನೋ ಸ್ಟೆರಾಯ್ಡ್. ಅಗ್ಗ, ಎರಡೇ ದಿನದಲ್ಲಿ ತುರಿಕೆ ನಿಂತಿತು. ಆದರೆ ಅವಳು ಬಟ್ಟಲುಗಟ್ಟಲೆ ನೀರು ಕುಡಿದು ಎಲ್ಲೆಂದರಲ್ಲಿ ಉಚ್ಚೆ ಹೊಯ್ಯತೊಡಗಿದಳು. ತಟ್ಟೆ ಖಾಲಿಯಾದ ಮೇಲೂ ಅದರ ಮುಂದೆಯೇ ಕೂತಿರುತ್ತಿದ್ದಳು. ಡೋಸ್ ನಿಧಾನವಾಗಿ ಇಳಿಸಿ ನಿಲ್ಲಿಸಿದೆವು, ತುರಿಕೆ ವಾಪಸ್ ಬಂತು.

ಅಲರ್ಜಿ ಔಷಧಿ ಸೆಟಿರಿಜಿನ್‌ನಿಂದ ನಮಗೇನೂ ಪ್ರಯೋಜನವಾಗಲಿಲ್ಲ.

ಆಮೇಲೆ ಓಕ್ಲಾಸಿಟಿನಿಬ್ ಮಾತ್ರೆ. ಔಷಧಿ ಒಳ್ಳೆಯದೇ, ಕೊಟ್ಟ ದಿನವೇ ರಾತ್ರಿ ನೆಮ್ಮದಿಯಾಗಿ ಮಲಗಿದಳು. ನಾನು ಸೋತಿದ್ದು ಮಾತ್ರೆ ಕತ್ತರಿಸುವುದರಲ್ಲಿ. ಇರುವುದರಲ್ಲೇ ಚಿಕ್ಕದು 3.6 ಮಿಗ್ರಾಂ, 4 ಕೆಜಿ ನಾಯಿಗೆ ಅದರಲ್ಲೂ ಅರ್ಧ. ನಡುವೆ ಗೆರೆ ಇದೆ ನಿಜ. ಆದರೂ ನಾನು ಚಾಕು ಒತ್ತಿದರೆ ಒಂದು ಚೂರು ದೊಡ್ಡದು, ಇನ್ನೊಂದು ಚಿಕ್ಕದು, ಉಳಿದಿದ್ದು ಪುಡಿ. ಇಷ್ಟು ಪುಟ್ಟ ನಾಯಿಗೆ ಆ ವ್ಯತ್ಯಾಸವೂ ಜಾಸ್ತಿಯೇ ಅಲ್ವಾ ಅನ್ನೋ ದಿಗಿಲು.

ತಿನ್ನಿಸುವುದು ಇನ್ನೊಂದು ಗೋಳು. ಆಹಾರದ ಉಂಡೆಯೊಳಗೆ ಇಟ್ಟರೆ ಉಂಡೆ ತಿಂದು ಮಾತ್ರೆಯನ್ನು ಮಾತ್ರ ಉಗಿಯುತ್ತಿದ್ದಳು. ಒಂದು ಸಲ ನುಂಗಿದಳು ಅಂದುಕೊಂಡಿದ್ದೆ. ಸಂಜೆ ನೋಡಿದರೆ ಗಡ್ಡದ ಕೂದಲಿಗೆ ಅಂಟಿಕೊಂಡಿತ್ತು.

ಮೊದಲ 14 ದಿನ ಎರಡು ಹೊತ್ತು, ಆಮೇಲೆ ಒಂದೇ ಹೊತ್ತು. ಒಂದು ಹೊತ್ತಿಗೆ ಇಳಿಸಿದ ವಾರದಲ್ಲಿ ಮತ್ತೆ ಪಚಪಚ ಶುರು. ಹಾಗಾಗುವುದುಂಟು ಅಂದರು ಡಾಕ್ಟರು. ನಾನು ಮನೆಗೆ ಬರುವ ಹೊತ್ತೂ ಒಂದೇ ಥರ ಇರುವುದಿಲ್ಲ. ಒಂದು ದಿನ ಮರೆತರೆ ಮರುದಿನ ಬೆಳಿಗ್ಗೆ ಅವಳ ಹೊಟ್ಟೆ ಕೆಂಪು.

ಇಂಜೆಕ್ಷನ್‌ನಲ್ಲಿ ಈ ರಗಳೆ ಯಾವುದೂ ಇಲ್ಲ. ತುರಿಕೆಯ ಸಂದೇಶ ಒಯ್ಯುವ ಐಎಲ್-31 ಅನ್ನೋ ಪ್ರೋಟೀನನ್ನೇ ಅದು ಹಿಡಿದು ಹಾಕುತ್ತದೆ. ಎರಡನೇ ದಿನಕ್ಕೆ ನೆಕ್ಕುವುದು ಕಡಿಮೆಯಾಯಿತು. ನಾಲ್ಕನೇ ವಾರದ ಕೊನೆಗೆ ಮತ್ತೆ ಪಾದದ ಕಡೆ ಬಾಯಿ ಹೋಗುತ್ತದೆ, ಅಷ್ಟರಲ್ಲಿ ಮುಂದಿನ ಡೋಸ್. ಒಂದೇ ಸಲಕ್ಕೆ ಕೊಡುವ ದುಡ್ಡು ಕೈಗೆ ಭಾರವೇ. ಆದರೆ ಡೋಸ್ ತೂಕದ ಲೆಕ್ಕ, ಹಾಗಾಗಿ ಚಿಕ್ಕ ನಾಯಿಗೆ ಔಷಧಿಯ ಸಣ್ಣ ಸೀಸೆ ಒಂದು ಸಾಕು. ದೊಡ್ಡ ನಾಯಿಯಾಗಿದ್ದರೆ ನನ್ನ ಬಜೆಟ್‌ಗೆ ನಿಲುಕುತ್ತಿರಲಿಲ್ಲ.

ಎಲ್ಲ ನಾಯಿಗೂ ಇದು ಹಿಡಿಸುವುದಿಲ್ಲ. ಕಿವಿಯ ಸೋಂಕಿಗೆ, ಚರ್ಮದಲ್ಲಿ ಬೆಳೆಯುವ ಯೀಸ್ಟ್ ಅನ್ನೋ ಶಿಲೀಂಧ್ರಕ್ಕೆ ಬೇರೆಯೇ ಔಷಧಿ ಬೇಕು. ಅದಕ್ಕೇ ಸೋಂಕಿನ ಕ್ರಿಮಿ ಕೊಲ್ಲುವ ಕ್ಲೋರ್‌ಹೆಕ್ಸಿಡಿನ್ ಶಾಂಪೂ ಸ್ನಾನ ಬಿಟ್ಟಿಲ್ಲ. ನೊರೆ 10 ನಿಮಿಷ ಮೈಮೇಲೆ ಇರಬೇಕು. ಅವಳು ನಡುಗುತ್ತಾಳೆ, ನಾನು ಬೆಚ್ಚಗಿನ ಕೈಯಲ್ಲಿ ಹಿಡಿದುಕೊಂಡು ಗಡಿಯಾರ ನೋಡುತ್ತಿರುತ್ತೇನೆ.

ದಿನಾ ಒಂದೇ ಹೊತ್ತಿಗೆ ಮನೆಯಲ್ಲಿರುವವರು, ಇಡೀ ಮಾತ್ರೆ ನುಂಗುವ ತೂಕದ ನಾಯಿ ಇರುವವರು ಮಾತ್ರೆಯನ್ನೇ ಡಾಕ್ಟರ ಹತ್ತಿರ ಕೇಳಿ ನೋಡಿ. ನಮ್ಮನೆಯಲ್ಲಿ ಮೂರನೇ ಇಂಜೆಕ್ಷನ್ ಆಯಿತು. ಮೊನ್ನೆ ಉಗುರು ಕತ್ತರಿಸುವಾಗ ಪಾದ ಬಿಡಿಸಿ ನೋಡಿದೆ. ಕೂದಲ ತುದಿ ಇನ್ನೂ ಕಂದು, ಬುಡ ಮಾತ್ರ ಬೆಳ್ಳಗೆ.